ನನ್ನ ಮಾತು ಇವರ ಬಾಯಲ್ಲಿ

ಮೊದಲು ಜೊಲ್ಲಿನ ವಿಷಯ ಹೇಳಿ ಮುಗಿಸುತ್ತೇನೆ. ಕಾಯಿಲೆ ಅನುಭವಿಸಿದವರು ಬರೆಯುವಾಗ ಧೈರ್ಯದಿಂದ ಶುರು ಮಾಡುತ್ತಾರೆ, ದೇವರಿಂದ ಶುರು ಮಾಡುತ್ತಾರೆ. ಯಾರೂ ಜೊಲ್ಲಿನ ಸುದ್ದಿ ಎತ್ತುವುದಿಲ್ಲ. ನನಗೆ ಬಂದಾಗ ನಾನು ಹುಡುಕಿದ್ದು ಅದನ್ನೇ: ಬಾಯಿಯ ಮೂಲೆಯಿಂದ ಇಳಿದು, ಗಲ್ಲದಿಂದ ಸೆರಗಿಗೆ ಬಿದ್ದು, ಒಣಗಿ ಹುಳಿ ನಾತ ಹೊಡೆಯುವ ಆ ನೀರಿಗೆ ಬೇರೆಯವರು ಏನು ಉಪಾಯ ಮಾಡುತ್ತಾರೆ ಎಂದು. ಒಬ್ಬರೂ ಬರೆದಿರಲಿಲ್ಲ. ಹಾಗಾಗಿ ನಾನು ಬರೆಯುತ್ತೇನೆ. ಹಳೆಯ ಹತ್ತಿ ಪಂಚೆಯನ್ನು ಹರಿದು ಚೌಕ ಚೌಕ ಮಾಡಿಟ್ಟುಕೊಳ್ಳಿ. ಅಂಗಡಿಯ ಟಿಶ್ಯೂ ಪೇಪರು ಬೇಡ, ಗಲ್ಲಕ್ಕೆ ಅಂಟಿಕೊಂಡು ಚೂರು ಚೂರಾಗಿ ಬಿಳಿ ಗಡ್ಡ ಬಂದ ಹಾಗೆ ಕಾಣುತ್ತದೆ. ಓದಲಿಕ್ಕೆ ಹೇಸಿಗೆ ಆಗುತ್ತದಾ? ಆಗಲಿ. ನನಗೆ ದಿನವಿಡೀ ಆಗುತ್ತದೆ.

ನನ್ನ ಹೆಸರು ಲೀಲಾವತಿ. ತವರು ಗುತ್ತಿಗಾರು, ಕೊಟ್ಟದ್ದು ಕಡಬಕ್ಕೆ. ಫಾರ್ಮಸಿ ಕಲಿತವಳು. ಕಡಬ ಪೇಟೆಯಲ್ಲಿ ತುಂಬ ವರ್ಷ ಮೆಡಿಕಲ್ ಶಾಪ್ ನಡೆಸಿದೆ. ಬೋರ್ಡಿನಲ್ಲಿ ಹೆಸರು ನನ್ನದು, ಕೌಂಟರಿನಲ್ಲಿ ನಿಲ್ಲುವವಳೂ ನಾನೇ. ಇವರು, ಅಂದರೆ ನನ್ನ ಗಂಡ ಕೇಶವ, ಕಡಬದಿಂದ ಒಳಗಿನ ಊರುಗಳಿಗೆ ಸರ್ವಿಸ್ ಜೀಪು ಓಡಿಸುತ್ತಿದ್ದರು. ಜಾಗದ ತಕರಾರಿನಲ್ಲಿ ಮುಖ ಮುಖ ನೋಡದ ಅಣ್ಣ ತಮ್ಮಂದಿರನ್ನು ಒಂದೇ ಸೀಟಿನಲ್ಲಿ ಒತ್ತಿ ಕೂರಿಸಿಕೊಂಡು ಹೋಗಬೇಕಾದ ಕೆಲಸ ಅದು. ಆ ಕಡೆಯವರಿಗೂ ನಗಬೇಕು, ಈ ಕಡೆಯವರಿಗೂ ನಗಬೇಕು. ಹಾಗಾಗಿ ಇವರ ಬಾಯಿಂದ ಯಾರಿಗೂ ಒಂದು ಗಟ್ಟಿ ಮಾತು ಬಂದದ್ದಿಲ್ಲ. ಮನೆಯಲ್ಲಿ ಬೈಯುವ ಇಲಾಖೆ ಪೂರ್ತಿ ನನ್ನದೇ. ನಮಗೆ ಮಕ್ಕಳಿಲ್ಲ. ನಾವು ಮನೆಯಲ್ಲಿ ಆಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಕಾಯಿಲೆ ಶುರುವಾದದ್ದು ನಾಲಿಗೆಯಿಂದ. ಮಾತ್ರೆಗಳ ಉದ್ದದ ಹೆಸರುಗಳನ್ನು ಪಟಪಟ ಹೇಳುತ್ತಿದ್ದವಳು ಸಂಜೆಯ ಹೊತ್ತಿಗೆ ತೊದಲತೊಡಗಿದೆ. ಆಯಾಸ ಇರಬಹುದು ಎಂದುಕೊಂಡೆ. ಒಂದು ದಿನ ಕಪಾಟಿನ ಹಿಂದೆ ಬಗ್ಗಿ ಡಬ್ಬ ಹುಡುಕುತ್ತಿದ್ದಾಗ ಕೌಂಟರಿನ ಆಚೆ ಇಬ್ಬರು ಮಾತಾಡುವುದು ಕೇಳಿತು.

"ಲೀಲಕ್ಕ ಬೆಳಿಗ್ಗೆಯೇ ಹಾಕ್ತಾರೆ ಅಂತ ಕಾಣ್ತದೆ ಮಾರಾಯ. ನಾಲಿಗೆ ಎಳಿಯುದು ಕೇಳಿದ್ಯಾ?"

"ಛೆ! ಹೆಂಗಸು ಮಾರಾಯ ಅವ್ರು."

"ಹೆಂಗಸರು ಕುಡಿಯುದಿಲ್ವಾ ಎಂತ?"

ಅಲ್ಲಿಂದ ಮೇಲೆ ಜನ ಮಾತ್ರೆ ತೆಗೆದುಕೊಳ್ಳುವಾಗ ಕೌಂಟರಿನ ಮೇಲೆ ಸ್ವಲ್ಪ ಹೆಚ್ಚೇ ಬಾಗುವುದು ನನ್ನ ಕಣ್ಣಿಗೆ ಬಿತ್ತು. ಮೂಸುತ್ತಿದ್ದರು. ನನ್ನ ಬಾಯಿಯನ್ನು ಮೂಸುತ್ತಿದ್ದರು, ಥೂ! ಅವರ ಮಕ್ಕಳ ಜ್ವರಕ್ಕೆ, ಹೆಂಗಸರ ಮುಟ್ಟಿನ ನೋವಿಗೆ, ಗಂಡಸರ ಹೊರಗೆ ಹೇಳಲಾಗದ ತುರಿಕೆಗೆ ಮುಖ ಸಿಂಡರಿಸದೆ ಮದ್ದು ಕೊಟ್ಟವಳು ನಾನು. ಆ ಸಂಕಟವನ್ನು ನಾನು ಈಗಲೂ ಮರೆತಿಲ್ಲ, ಮರೆಯುವ ಆಸೆಯೂ ಇಲ್ಲ.

ಆಮೇಲೆ ಪುತ್ತೂರಿಗೆ ಓಡಾಟ. ಗಂಟಲಿನ ಡಾಕ್ಟರು ಹುಳಿತೇಗು ಎಂದರು. ಹಲ್ಲಿನ ಡಾಕ್ಟರು ಒಂದು ಹಲ್ಲು ನಾಲಿಗೆಗೆ ತಾಗುತ್ತದೆ ಎಂದು ಅರೆದು ಸಪಾಟು ಮಾಡಿದರು. ಕೊನೆಗೆ ನರದ ಡಾಕ್ಟರ ಕೋಣೆಯ ಹೊರಗೆ ಕೂತೆ. ಪುತ್ತೂರಿನ ಆಸ್ಪತ್ರೆಗಳ ಕಾಯುವ ಜಾಗಗಳ ಬಗ್ಗೆ ನಾನು ಎಷ್ಟು ಬೇಕಾದರೂ ಬರೆಯಬಲ್ಲೆ. ಫಿನೈಲಿನ ವಾಸನೆಯ ಮೇಲೆ ಕ್ಯಾಂಟೀನಿನ ನೀರುಳ್ಳಿ ಬಜೆಯ ವಾಸನೆ. ದನಿ ಇಲ್ಲದ ಟಿ.ವಿ.ಯಲ್ಲಿ ಅಳುವ ಸೊಸೆ. ಪಕ್ಕದಲ್ಲಿ ಕೂತವರು ಮೊದಲು ಊರು ಕೇಳುತ್ತಾರೆ, ಮತ್ತೆ ಮನೆತನ, ಆಮೇಲೆ ನೇರ ವಿಷಯಕ್ಕೆ: "ನಿಮಗೆ ಎಂತ ಆದದ್ದು?" ನಾನು ಉತ್ತರಿಸಲಿಕ್ಕೆ ಬಾಯಿ ತೆರೆದರೆ ಪಾಪ ಅವರಿಗೆ ಉತ್ತರ ಸಿಕ್ಕಿಬಿಡುತ್ತಿತ್ತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಆಚೆ ಸರಿಯುತ್ತಿದ್ದರು. ಇದು ಅಂಟುವ ಕಾಯಿಲೆ ಅಲ್ಲ ಎಂದು ಹೇಳಬೇಕಾದರೂ ನಾಲಿಗೆ ಬೇಕಲ್ಲ.

ಪರೀಕ್ಷೆಗೆ ನಾಲಿಗೆಯೊಳಗೆ ಸೂಜಿ ಚುಚ್ಚಿದರು. ಚುಚ್ಚಿದವರು, "ನಾಲಿಗೆಯನ್ನು ಸಡಿಲ ಬಿಡಿ, ಸಡಿಲ" ಎನ್ನುತ್ತಿದ್ದರು. ನಿಮ್ಮದಕ್ಕೆ ಚುಚ್ಚಿ ತೋರಿಸಿ, ಬಿಡುತ್ತೇನೆ ಎಂದು ಹೇಳಬೇಕೆನಿಸಿತು. ಆದರೆ ಅಲ್ಲಿದ್ದ ನರ್ಸ್ ಒಬ್ಬಳು, ಹುಡುಗಿ, ರಕ್ತ ಬೆರೆತ ಜೊಲ್ಲನ್ನು ಗಲ್ಲದಿಂದ ಒರೆಸಿ, ಒರೆಸಿದ್ದನ್ನು ನೋಡದೆ, ನನ್ನನ್ನೂ ನೋಡದೆ, ಕೈ ತೊಳೆಯಲಿಕ್ಕೂ ಓಡದೆ ಅಲ್ಲಿಯೇ ನಿಂತಳು. ಅವಳ ಹೆಸರು ಕೇಳಲಿಲ್ಲ. ಇಡೀ ಆ ತಿಂಗಳಲ್ಲಿ ನನಗೆ ನೆನಪಿಡಬೇಕೆನಿಸುವ ಮುಖ ಅವಳದೊಂದೇ.

ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತವೆ. ನನಗೆ ವಿವರಿಸುವ ಅಗತ್ಯ ಇರಲಿಲ್ಲ. ಇದೇ ಕಾಯಿಲೆಗೆ ಕೊಡುವ ರಿಲುಜೋಲ್ ಮಾತ್ರೆಯನ್ನು ನಾನೇ ಒಂದು ಮನೆಗೆ ಮಂಗಳೂರಿನಿಂದ ತರಿಸಿ ಕೊಡುತ್ತಿದ್ದೆ. ಸ್ವಲ್ಪ ಸಮಯದ ನಂತರ ಆ ಮನೆಯವರು ಬರುವುದನ್ನು ನಿಲ್ಲಿಸಿದ್ದರು. ಇವರು ಡಾಕ್ಟರ ಹತ್ತಿರ, "ಹಾಗಾದ್ರೆ ಗುಣ ಆಗ್ತದಲ್ಲ?" ಎಂದು ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ನಕ್ಕೆ. ಅದು ನನ್ನ ನಗು ಅಲ್ಲ, ಕಾಯಿಲೆಯ ನಗು. ಅಳು ಬರಬೇಕಾದಲ್ಲಿ ನಗು, ನಗು ಬರಬೇಕಾದಲ್ಲಿ ಅಳು, ತಡೆಯಲಿಕ್ಕೆ ಆಗುವುದಿಲ್ಲ. ಗುತ್ತಿಗಾರಿನಲ್ಲಿ ನನ್ನ ದೊಡ್ಡಮ್ಮ ತೀರಿಹೋದಾಗ ಹೆಣದ ಮುಂದೆ ನಿಂತು ಕುಲುಕುಲು ನಕ್ಕವಳು ನಾನು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ನಕ್ಕರೆ ಅವರಿಗೆ ಬೈಯಬೇಡಿ.

ಆಮೇಲೆ ಶುರುವಾಯಿತು ನೋಡಿ ಮೆರವಣಿಗೆ. ಎಣ್ಣೆಯವರು, ಪುಡಿಯವರು, ಮೊಬೈಲಿನಲ್ಲಿ ಬಂದ ವೀಡಿಯೊ ತೋರಿಸುವವರು. ಬಂದವರಿಗೆ ನಾನು ಉತ್ತರ ಕೊಡುವುದು, ಇವರು ಅದನ್ನು ಬಿಡಿಸಿ ಹೇಳುವುದು. ನನ್ನ ಮಾತು ಉಳಿದವರಿಗೆ ಬರೀ ಗೊಳಗೊಳ, ಇವರಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಎಂಜಿನ್ ಸದ್ದಿನ ನಡುವೆ ಹಿಂದಿನ ಸೀಟಿನವರ ಮಾತು ಕೇಳಿ ಕೇಳಿ ಕಿವಿ ಹಾಗೆ ಆಗಿತ್ತೋ ಏನೋ. ಆದರೆ ಬಿಡಿಸಿ ಹೇಳುವ ಚಂದ ಕೇಳಬೇಕು.

ಒಬ್ಬರು ನಾಲಿಗೆಗೆ ತಿಕ್ಕಲಿಕ್ಕೆ ಯಾವುದೋ ಕಪ್ಪು ಎಣ್ಣೆ ತಂದರು. ನಾನು ಹೇಳಿದೆ, "ಅದನ್ನು ತಕೊಂಡು ಹೋಗಿ ನಿಮ್ಮ ತಲೆಗೆ ಹಾಕಿಕೊಳ್ಳಿ, ಬುದ್ಧಿಯಾದರೂ ಬಂದೀತು."

ಇವರು ನಗುತ್ತಾ, "ತುಂಬಾ ಖುಷಿ ಆಯ್ತಂತೆ. ಊಟ ಮಾಡಿಕೊಂಡೇ ಹೋಗ್ಬೇಕಂತೆ" ಎಂದರು.

ಎಣ್ಣೆಯವರು ಊಟ ಮಾಡಿಕೊಂಡೇ ಹೋದರು. ನಾನು ಕೂತಲ್ಲಿಂದಲೇ ಇವರಿಗೆ ಹರಿವಾಣ ಎಸೆದೆ. ನಗಬೇಡಿ. ಮೂವತ್ತು ವರ್ಷ ನನ್ನ ಬಾಯಿಗೆ ಹೆದರಿದ ಕಡಬದ ಜನ ಈಗ ನನ್ನನ್ನು "ಎಷ್ಟು ಸಾಧು ಆದ್ಳು ಪಾಪ" ಎನ್ನುತ್ತಿದ್ದರು. ಕಾಯಿಲೆ ನನ್ನ ನಾಲಿಗೆ ತಿಂದಿತು, ಇವರು ನನ್ನ ಗುಣವನ್ನೇ ಬದಲು ಮಾಡಿ ಹಂಚುತ್ತಿದ್ದರು. ಸಿಟ್ಟಿಗಿಂತ ಹೆಚ್ಚು ವಾಕರಿಕೆ ಬರುತ್ತಿತ್ತು.

ಈ ನಡುವೆ ದೀಕ್ಷಾ ಬಂದಳು. ನನ್ನ ಅಣ್ಣನ ಮಗಳು. ಮಂಗಳೂರಿನ ಕಡೆ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ನನ್ನ ಅಂಗಡಿಯಲ್ಲಿ ಕೂತು ಡಬ್ಬಗಳ ಹೆಸರು ಓದುತ್ತಾ ಬೆಳೆದವಳು ಈಗ ಕಂಪ್ಯೂಟರಿನ ಮುಂದೆ ಕೂತು ಮದ್ದಿನ ಅಣುಗಳನ್ನು ಕಟ್ಟುತ್ತಾಳೆ, ಅದೂ ನನ್ನ ಕಾಯಿಲೆಗೇ. ನನಗೆ ಬರುವ ಮೊದಲೇ ಶುರು ಮಾಡಿದ ಕೆಲಸ ಅದು. "ಅತ್ತೆ, ನಾನು ಆಯ್ಕೆ ಮಾಡಿದ್ದಲ್ಲ, ಗೈಡ್ ಕೊಟ್ಟ ವಿಷಯ" ಎಂದು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

ಅವಳು ಹೇಳಿದ್ದನ್ನು ಗುತ್ತಿಗಾರಿನವಳಾದ ನನಗೆ ಆನೆಯ ಲೆಕ್ಕದಲ್ಲಿ ಅರ್ಥವಾಯಿತು. ನಮ್ಮಲ್ಲಿ ಆನೆ ಇಳಿಯುವುದು ಒಂದೇ ದಾರಿಯಿಂದ ಅಲ್ಲ. ಕಂದಕ ತೋಡಿದರೆ ಹೊಳೆಯ ಕಡೆಯಿಂದ ಬರುತ್ತದೆ, ಅಲ್ಲಿ ಬೇಲಿ ಹಾಕಿದರೆ ರಬ್ಬರ್ ತೋಟದ ಮೂಲೆಯಿಂದ. ಈ ಕಾಯಿಲೆಯೂ ಹಾಗೆಯೇ ಅಂತೆ. ನರವನ್ನು ಕೊಲ್ಲುವ ದಾರಿ ಹಲವು, ಒಂದನ್ನು ಮುಚ್ಚಿದರೆ ಇನ್ನೊಂದರಿಂದ ನುಗ್ಗುತ್ತದೆ. ಒಂದೇ ದಾರಿ ಮುಚ್ಚುವ ಮದ್ದು ಮಾಡಿ ಮಾಡಿ ಸೋತಿದ್ದಾರೆ. ಅದಕ್ಕೇ ಎರಡು ಮೂರು ದಾರಿಗಳನ್ನು ಒಟ್ಟಿಗೆ ಮುಚ್ಚುವ ಒಂದೇ ಅಣುವನ್ನು ಕಟ್ಟಬೇಕು.

"ಮೂರು ಮದ್ದು ಬೇರೆ ಬೇರೆ ಕೊಟ್ರೆ ಆಗುದಿಲ್ವಾ?" ಎಂದು ಇವರು ಕೇಳಿದರು.

"ಮೂರೂ ಲಿವರಲ್ಲಿ ಜಗಳ ಮಾಡ್ತವೆ ಮಾವ. ಒಂದು ಮೆದುಳಿಗೆ ಹೋಗ್ತದೆ, ಒಂದು ಹೋಗುದೇ ಇಲ್ಲ. ಮೂರು ಕೆಲಸ ಗೊತ್ತಿರುವ ಒಬ್ಬನೇ ಬೇಕು. ಆದ್ರೆ ಅವ ಮೆದುಳಿನ ಬಾಗಿಲಲ್ಲಿ ಹಿಡಿಸುವಷ್ಟು ಸಣ್ಣ ಇರ್ಬೇಕು. ಅದೇ ಕಷ್ಟ. ಕೆಲಸ ಜಾಸ್ತಿ ಕಲಿಸಿದ ಹಾಗೆ ಅವ ದಪ್ಪ ಆಗ್ತಾನೆ."

ತಾನು ಕಟ್ಟಿದ ಅಣುಗಳಲ್ಲಿ ಹೆಚ್ಚಿನವು ಪರದೆಯ ಮೇಲೆಯೇ ಸತ್ತವೆ, ಉಳಿದವು ಗಾಜಿನ ತಟ್ಟೆಯಲ್ಲಿ ಸತ್ತವೆ ಎಂದಳು. ಇಷ್ಟು ಕಲಿತ ಹುಡುಗಿ ಇಷ್ಟೊಂದು ಸೋಲನ್ನು ದಿನಾ ತಿಂದು ಹೇಗೆ ಏಳುತ್ತಾಳೆ ಎಂದು ನನಗೆ ಅಯ್ಯೋ ಅನಿಸಿತು. ಇವರು ಮಾತ್ರ ಬೇರೆಯೇ ಯೋಚನೆಯಲ್ಲಿದ್ದರು.

"ಅಲ್ಲ ದೀಕ್ಷಾ, ಒಂದೇ ಮದ್ದು, ತುಂಬ ಕಡೆ ಕೆಲಸ. ಅದು ನಮ್ಮ ಆಟಿ ಕಷಾಯ ಅಲ್ವಾ?"

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಜಡಿಮಳೆಯ ಆಟಿ ತಿಂಗಳ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯಲ್ಲಿ ಲೋಕದ ಸಾವಿರದೊಂದು ಮದ್ದುಗಳು ಬಂದು ಸೇರುತ್ತವೆ ಎಂದು ನಂಬಿಕೆ. ಸೂರ್ಯ ಮೂಡುವ ಮೊದಲು ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ, ನಮ್ಮ ಮಾತಿನಲ್ಲಿ ಕೆತ್ತೆ, ತೆಗೆಯಬೇಕು. ಅರೆದು ರಸ ಹಿಂಡಿ, ಬಿಸಿ ಮಾಡಿದ ಬಿಳಿ ಕಲ್ಲನ್ನು ಅದರಲ್ಲಿ ಅದ್ದಿ, ಖಾಲಿ ಹೊಟ್ಟೆಯಲ್ಲಿ ಮನೆಯವರೆಲ್ಲ ಕುಡಿಯಬೇಕು. ಕಹಿ ಎಂದರೆ ಕಿವಿಯವರೆಗೆ ಕಹಿ. ಆಮೇಲೆ ತಂಪಿಗೆ ಮೆಂತೆ ಗಂಜಿ. ನಾನೂ ಪ್ರತಿ ವರ್ಷ ಮೂಗು ಮುಚ್ಚಿ ಕುಡಿದವಳೇ, ಹಬ್ಬ ಎಂದು.

ದೀಕ್ಷಾ ನಕ್ಕಳು. "ಒಂದು ರೀತಿಯಲ್ಲಿ ಹೌದು ಮಾವ" ಎಂದಳು. ಮಾವನಿಗೆ ಎದುರಾಡಬಾರದು ಎಂಬ ನಮ್ಮ ಮನೆಗಳ ಆ ಹಾಳು ಮರ್ಯಾದೆ! ಅಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಅವಳೇ ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ಇಂತಹದೇ ಒಂದು ಮದ್ದು, ಅವಳದ್ದಲ್ಲ, ಯಾವುದೋ ಕಂಪನಿಯದು, ಮನುಷ್ಯರ ಮೇಲೆ ಪ್ರಯೋಗಕ್ಕೆ ಬಂದಿದೆ, ಘಟ್ಟದ ಮೇಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ. ಸೇರಬೇಕಾದರೆ ಉಸಿರಿನ ಬಲ ಇಂತಿಷ್ಟು ಇರಬೇಕು, ಲಿವರ್ ಸರಿ ಇರಬೇಕು, ರಿಲುಜೋಲ್ ಬಿಟ್ಟು ಬೇರೆ ಯಾವ ಮದ್ದೂ, ನಾಟಿ ಮದ್ದೂ ತೆಗೆದುಕೊಂಡಿರಬಾರದು. ನನ್ನನ್ನು ಕಳುಹಿಸಿಕೊಡಿ ಎಂದು ಪುತ್ತೂರಿನ ಡಾಕ್ಟರಿಗೆ ಆ ಆಸ್ಪತ್ರೆಯವರು ಹೇಳಿದಾಗ ನಾನು ಎಷ್ಟೋ ತಿಂಗಳ ನಂತರ ತಲೆಗೆ ಹೂ ಮುಡಿದೆ. ಆಸೆ ಎನ್ನುವುದು ಎಷ್ಟು ನಾಚಿಕೆಗೆಟ್ಟದ್ದು ನೋಡಿ. ಗುಣವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಸಾಯುವುದು ಸ್ವಲ್ಪ ನಿಧಾನ ಆದರೂ ಆಗಬಹುದು, ಅಷ್ಟೇ. ಆ ಅಷ್ಟಕ್ಕೇ ಹೂ.

ಆಟಿ ಅಮಾವಾಸ್ಯೆ ಬಂತು. ನನಗೆ ಈ ಸಲ ಕಷಾಯ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಇವರು ಆಯಿತು ಎಂದರು. ತಾವು ಕುಡಿದು, ನನಗೆ ಮೆಂತೆ ಗಂಜಿಯನ್ನು ಮಾತ್ರ ಕೊಟ್ಟರು. ಗಂಟಲಲ್ಲಿ ನೀರು ನೀರಾದದ್ದು ಇಳಿಯುವುದಿಲ್ಲ, ಶ್ವಾಸಕ್ಕೆ ಹೋಗುತ್ತದೆ, ಆದ್ದರಿಂದ ಗಂಜಿಯನ್ನು ನುಣ್ಣಗೆ ರುಬ್ಬಿ ದಪ್ಪ ಮಾಡಿ, ಬೆಲ್ಲ, ತೆಂಗಿನ ಹಾಲು ಹಾಕಿ, ಮಗುವಿಗೆ ಕೊಟ್ಟ ಹಾಗೆ ಚಮಚದಲ್ಲಿ ಕೊಡುತ್ತಿದ್ದರು. ಮರುದಿನವೂ ಮೆಂತೆ ಗಂಜಿ. ಅದರ ಮರುದಿನವೂ. ದೇಹಕ್ಕೆ ತಂಪು, ಇರಲಿ, ಎಂದರು. ಮೆಂತೆ ಜಾಸ್ತಿ ಆಗಿದೆ, ಕಹಿ, ಎಂದೆ. ನಾಳೆ ಕಡಿಮೆ ಮಾಡುತ್ತೇನೆ ಎಂದರು.

ಘಟ್ಟದ ಮೇಲಿನ ಆಸ್ಪತ್ರೆಗೆ ನೆಟ್ಟಣದಿಂದ ರೈಲು ಹತ್ತಿ ಹೋದೆವು. ಮೊದಲ ದಿನ ರಕ್ತ ತೆಗೆದರು, ಕೊಳವೆಗೆ ಬಾಯಿ ಇಟ್ಟು ಊದಿಸಿದರು. ಊದಿದ್ದು ಸಾಕಷ್ಟು ಇತ್ತು. ಮರುದಿನ ಡಾಕ್ಟರು ಒಳಗೆ ಕರೆದರು. ಸಣ್ಣ ಪ್ರಾಯದ ಹೆಂಗಸು, ಘಟ್ಟದ ಮೇಲಿನ ಕನ್ನಡ.

"ಎಲ್ಲ ಚೆನ್ನಾಗಿದೆ. ಲಿವರಿನ ಅಂಕೆ ಮಾತ್ರ ಸ್ವಲ್ಪ ಏರಿದೆ. ನೀವು ತಗೊಳ್ಳೋ ಮಾತ್ರೆಯಿಂದಲೂ ಹಾಗಾಗುತ್ತೆ. ಅದರಿಂದಲೇ ಆಗಿದ್ದರೆ ನಿಯಮದೊಳಗೇ ಇದೆ, ಇವತ್ತೇ ಸೇರಿಸಿಕೊಳ್ಳಬಹುದು. ಬೇರೆ ಏನಾದರೂ ತಗೊಂಡಿದ್ದೀರಾ? ಕಷಾಯ, ಪುಡಿ, ನಾಟಿ ಔಷಧ?"

ಇಲ್ಲ ಎಂದು ತಲೆ ಆಡಿಸಲು ಹೊರಟವಳು ನಿಲ್ಲಿಸಿದೆ. ಗಂಜಿಯ ಕಹಿ ನಾಲಿಗೆಯ ಬುಡದಲ್ಲಿ ನೆನಪಾಯಿತು. ಅದು ಮೆಂತೆಯ ಕಹಿ ಆಗಿರಲಿಲ್ಲ. ಪ್ರತಿ ವರ್ಷ ಮೂಗು ಮುಚ್ಚಿ ಕುಡಿದವಳಿಗೆ ಅದು ಗೊತ್ತಾಗಬೇಕಿತ್ತು. ಇವರ ಕಡೆ ತಿರುಗಿದೆ. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಪಾಲೆಯಾ?" ಎಂದೆ.

"ಹಬ್ಬದ್ದು ಅದು ಲೀಲಾ, ಮದ್ದಲ್ಲ" ಎಂದು ಇವರು ಸಣ್ಣ ದನಿಯಲ್ಲಿ ಅರೆಭಾಷೆಯಲ್ಲಿ ಹೇಳಿದರು. "ಒಂದು ದಿನದ್ದು ಸಾಕಾಗ್ಲಿಕ್ಕಿಲ್ಲ ಅಂತ ಆ ದಿನ ಕೆತ್ತೆ ಸ್ವಲ್ಪ ಜಾಸ್ತಿ ತಂದಿಟ್ಟಿದ್ದೆ. ದಿನಾ ಚೂರು ಚೂರೇ ಹಾಕಿದ್ದು. ಸಾವಿರದೊಂದು ಮದ್ದು ಉಂಟಲ್ಲ ಅದ್ರಲ್ಲಿ."

ಮದ್ದಲ್ಲವಂತೆ, ಸಾವಿರದೊಂದು ಮದ್ದು ಇದೆಯಂತೆ! ಈ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಮನುಷ್ಯನ ಜೊತೆ ನಾನು ಸಂಸಾರ ಮಾಡಿದ್ದು. ಡಾಕ್ಟರ ಕಡೆ ತಿರುಗಿ, ಆದಷ್ಟು ಬಿಡಿಸಿ ಬಿಡಿಸಿ ಹೇಳಿದೆ, "ಇವರು ನನಗೆ ಗೊತ್ತಿಲ್ಲದೆ ದಿನಾ ಪಾಲೆ ತೊಗಟೆಯ ಕಷಾಯ ಕೊಟ್ಟಿದ್ದಾರೆ."

ಡಾಕ್ಟರಿಗೆ ಕೇಳಿಸಿದ್ದು ಗೊಳಗೊಳ. ಇವರನ್ನು ನೋಡಿದರು. "ಏನು ಹೇಳ್ತಿದ್ದಾರೆ?"

"ಎಂತ ಇಲ್ಲ ಡಾಕ್ಟ್ರೆ" ಎಂದರು ಇವರು. "ಮಾತ್ರೆ ಬಿಟ್ರೆ ಬೇರೆ ಎಂತದೂ ತಗೊಳ್ಳಿಲ್ಲ ಅಂತ ಹೇಳುದು."

ಎಣ್ಣೆಯವರಿಗೆ ನಕ್ಕ ಅದೇ ನಗು.

ಡಾಕ್ಟರು ಸರಿ ಎಂದು ಬರೆಯಲು ಪೆನ್ನು ಎತ್ತಿದರು. ಆ ಕ್ಷಣ ನಾನು ಸುಮ್ಮನಿದ್ದೆ. ಸುಳ್ಳು ಹೇಳಬಾರದು, ಸುಮ್ಮನಿದ್ದೆ. ಇವತ್ತೇ ಸೇರಿಸಿಕೊಳ್ಳುತ್ತಾರೆ. ಪೆನ್ನು ಕಾಗದಕ್ಕೆ ತಾಗಿದರೆ ಆಯಿತು, ಆ ಮದ್ದು ನನ್ನದು. ಮತ್ತೆ ಅಂಗಡಿಯವಳ ಬುದ್ಧಿ ಓಡಿತು. ನಾಳೆ ನನ್ನ ಲಿವರ್ ಇನ್ನೂ ಏರಿದರೆ ಬೈಗುಳ ಆ ಹೊಸ ಮದ್ದಿಗೆ ಬೀಳುತ್ತದೆ. ಪಾಲೆ ತೊಗಟೆಯ ಹೆಸರು ಯಾರೂ ಎತ್ತುವುದಿಲ್ಲ. ನನ್ನಂತಹ ನಾಲ್ಕು ಮನೆಗಳ ಪ್ರೀತಿಯಿಂದ ಒಂದು ಒಳ್ಳೆಯ ಮದ್ದು ಮೂಲೆಗೆ ಬೀಳಬಹುದು. ದೀಕ್ಷಾಳಂತಹ ಯಾರೋ ವರ್ಷಗಟ್ಟಲೆ ಕಣ್ಣು ಹಾಳುಮಾಡಿಕೊಂಡು ಕಟ್ಟಿದ್ದು.

ಹೀಗೆಂದು ನನ್ನನ್ನು ದೊಡ್ಡ ಮನಸ್ಸಿನವಳು ಎಂದುಕೊಳ್ಳಬೇಡಿ. ಇದೆಲ್ಲ ನಿಜವೇ, ಆದರೆ ನಾನು ಪೆನ್ನು ಕಿತ್ತುಕೊಂಡದ್ದು ಇದಕ್ಕಾಗಿ ಅಲ್ಲ. ಕಿತ್ತುಕೊಂಡದ್ದು ಸಿಟ್ಟಿನಿಂದ. ನಾನು ಹೌದು ಎಂದದ್ದನ್ನು ಈ ಮನುಷ್ಯ ಇಲ್ಲ ಎಂದರಲ್ಲ, ಅದೂ ನನ್ನ ಹೆಸರಿನಲ್ಲಿ, ನಾನು ಪಕ್ಕದಲ್ಲೇ ಕೂತಿರುವಾಗ! ಮೇಜಿನ ಮೇಲಿದ್ದ ಕಾಗದದಲ್ಲಿ ಬರೆದೆ: ಕಷಾಯ ಕೊಟ್ಟಿದ್ದಾರೆ, ದಿನಾ. ಬರೆದು ಡಾಕ್ಟರ ಮುಂದೆ ತಳ್ಳಿದೆ. ತಳ್ಳಿ ನಗಲು ಶುರು ಮಾಡಿದೆ, ಆ ಹಾಳು ನಗು, ಜೊಲ್ಲೆಲ್ಲ ಕಾಗದದ ಮೇಲೆ.

ಡಾಕ್ಟರು ಬೈಯಲಿಲ್ಲ. ಎಲ್ಲ ನಿಲ್ಲಿಸಿ, ಲಿವರ್ ಇಳಿದ ಮೇಲೆ ಇನ್ನೊಂದು ಸಲ ಬನ್ನಿ, ಒಂದೇ ಸಲ ಅವಕಾಶ ಇದೆ, ಅಷ್ಟರಲ್ಲಿ ಉಸಿರು ಇಳಿಯದಿದ್ದರೆ ನೋಡೋಣ ಎಂದರು.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಇವರು ಮೊದಲ ಸಲ ನನಗೆ ಬೈದರು. ಸುತ್ತ ಜನ ಇದ್ದರು, ಇವರಿಗೆ ಅದರ ಪರಿವೆಯೇ ಇರಲಿಲ್ಲ.

"ಮದ್ದಿನ ಮರ್ಯಾದೆ ಉಳಿಸ್ಲಿಕ್ಕೆ ಹೋದದ್ದಾ ನೀನು? ಅದು ನಿನ್ನ ಮಗುವಾ? ಒಂದು ಸುಳ್ಳು, ಒಂದೇ ಒಂದು ಸುಳ್ಳು ಲೀಲಾ. ನಾನು ಹೇಳಿದ್ದು, ಪಾಪ ಇದ್ರೆ ನಂಗೆ ಬರ್ತಿತ್ತು. ನಿಂಗೆ ಬಾಯಿ ಮುಚ್ಚಿ ಕೂತುಕೊಳ್ಳಿಕ್ಕೆ ಎಂತ ಆಗಿತ್ತು?"

ಬಾಯಿ ಮುಚ್ಚಲಿಕ್ಕೆ ಆಗುವುದಿಲ್ಲ ಎಂಬುದೇ ನನ್ನ ಕಾಯಿಲೆ ಎಂದು ಹೇಳಿದೆ. ಇವರಿಗೆ ಅರ್ಥವಾಯಿತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಬೆನ್ನ ಮೇಲೆ ಕೈ ಇಡಲಿಲ್ಲ. ನನಗೆ ಕನಿಕರ ಬರಲಿಲ್ಲ, ಹೇಸಿಗೆಯೇ ಬಂತು: ಇವರ ಪ್ರೀತಿಯ ಮೇಲೆ, ಆ ಗಂಜಿಯ ಮೇಲೆ, ಚಮಚ ಹಿಡಿದ ಆ ಮೆತ್ತಗಿನ ಕೈಯ ಮೇಲೆ. ಪ್ರೀತಿಯಿಂದ ಉಣಿಸಿದ್ದನ್ನು ಕಕ್ಕಬೇಕು ಎನಿಸುವುದಕ್ಕಿಂತ ಕೆಟ್ಟದ್ದು ನನಗೆ ಈ ಕಾಯಿಲೆಯಲ್ಲಿ ಬೇರೆ ಆಗಿಲ್ಲ. ಇಂತಹದು ನಿಮಗೂ ಅನಿಸಿದ್ದರೆ ನೀವು ಒಬ್ಬರೇ ಅಲ್ಲ ಎಂದು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸುದ್ದಿ ಗೊತ್ತಾಗಿ ದೀಕ್ಷಾ ಓಡಿ ಬಂದಳು. "ಕಷಾಯ ಅಲ್ಲ ಅಂತ ನಾನು ಆವತ್ತೇ ಮಾವನಿಗೆ ಹೇಳ್ಬೇಕಿತ್ತು ಅತ್ತೆ" ಎಂದು ಅತ್ತಳು. ಮೊಬೈಲಿನಲ್ಲಿ ಬರೆದು ತೋರಿಸಿದೆ: ಹೇಳಬೇಕಿತ್ತು. ಇನ್ನು ಮುಂದೆ ಹೇಳು. ಮಾವನಿಗೂ ಹೇಳು, ಗೈಡಿಗೂ ಹೇಳು. ಈಗ ಅಳುವುದನ್ನು ನಿಲ್ಲಿಸಿ ಚಾ ಮಾಡು. ಅವಳು ಮೂಗು ಒರೆಸಿಕೊಂಡು ಚಾ ಮಾಡಿದಳು. ಮಾವನ ಎದುರು ನಿಂತು, ಮರದಲ್ಲಿ ಏನೇನಿದೆಯೋ ಯಾರಿಗೂ ಪೂರ್ತಿ ಗೊತ್ತಿಲ್ಲ, ಅದೇ ಅದರ ಅಪಾಯ, ನಾವು ಕಟ್ಟುವ ಅಣುವಿನ ಒಂದೊಂದು ಮೂಲೆಯೂ ಯಾಕೆ ಅಲ್ಲಿದೆ ಎಂದು ನಮಗೆ ಗೊತ್ತಿರಬೇಕು ಎಂದು ದನಿ ನಡುಗಿದರೂ ಹೇಳಿದಳು. ಸಂಜೆ ಇವರು ಉಳಿದ ತೊಗಟೆಯನ್ನು ತೆಗೆದುಕೊಂಡು ಹೋಗಿ ಒಲೆಗೆ ಹಾಕಿದರು.

ಈಗ ಹೇಗಿದ್ದೇನೆ ಎಂದು ಕೇಳುವವರಿಗೆ: ಹೊಟ್ಟೆಗೆ ನಳಿಗೆ ಹಾಕಿಸಿಕೊಂಡಿದ್ದೇನೆ. ಹಾಕುವ ಮೊದಲು ಅದರ ಚಿತ್ರ ನೋಡಿಯೇ ಅಸಹ್ಯಪಟ್ಟೆ, ಹಾಕಿಸಿದ ಮೇಲೆ ಯಾಕೆ ತಡ ಮಾಡಿದೆ ಎಂದುಕೊಂಡೆ. ಊಟದ ಹೊತ್ತು ಉಸಿರು ಕಟ್ಟುವ ಭಯ ಹೋಯಿತು. ಅಂಗಡಿ ಕೊಟ್ಟುಬಿಟ್ಟೆ. ಬಲಗೈಯ ಎರಡು ಬೆರಳು ಚೆನ್ನಾಗಿವೆ, ಇದನ್ನೆಲ್ಲ ಅವುಗಳಲ್ಲೇ ಒತ್ತಿ ಒತ್ತಿ ಬರೆದದ್ದು. ಆ ಮದ್ದಿನ ಪ್ರಯೋಗ ಇನ್ನೂ ನಡೆಯುತ್ತಿದೆ. ಅದು ಗೆಲ್ಲುತ್ತದೋ ಇಲ್ಲವೋ ದೀಕ್ಷಾಳಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವವರನ್ನು ನಂಬಬೇಡಿ.

ಎರಡನೆಯ ಸಲ ಹೋದದ್ದು ಹೇಳಬೇಕು. ನಳಿಗೆ ಹಾಕಿಸುವುದಕ್ಕೂ ಮೊದಲಿನ ಮಾತು. ಅದೇ ಡಾಕ್ಟರು, ಅದೇ ಕೋಣೆ. ಲಿವರ್ ಪೂರ್ತಿ ಸರಿಯಾಗಿತ್ತು. ಕೊಳವೆಗೆ ಊದಿದೆ. ಇನ್ನೊಮ್ಮೆ ಎಂದರು, ಊದಿದೆ. ತುಟಿಯ ಸುತ್ತ ಗಾಳಿ ಸೋರುತ್ತದೆ ಎಂದು ಇವರು ತಮ್ಮ ಎರಡು ಕೈಯಿಂದ ನನ್ನ ಕೆನ್ನೆ ಒತ್ತಿ ಹಿಡಿದರು, ಆಗಲೂ ಊದಿದೆ. ಬೇಕಾದಷ್ಟು ಬರಲಿಲ್ಲ. ತುಂಬ ಸ್ವಲ್ಪದಕ್ಕೆ ತಪ್ಪಿತು. ಹಿಂದಿನ ಸಲ ಇದ್ದಿದ್ದರೆ ಸಾಕಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. "ಅಮ್ಮಾ, ಏನಾದರೂ ಹೇಳಬೇಕಾ?"

ಹೇಳಿದೆ. ಊದಿ ಊದಿ ಸೋತ ನಾಲಿಗೆ, ನನಗೇ ನನ್ನ ಮಾತು ತಿಳಿಯುವಂತಿರಲಿಲ್ಲ. ಡಾಕ್ಟರು ಇವರ ಮುಖ ನೋಡಿದರು. ಇವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ತುಂಬ ಉಪಕಾರ ಆಯಿತಂತೆ, ದೇವರು ನಿಮಗೆ ಒಳ್ಳೆಯದು ಮಾಡಲಿ ಅಂತೆ. ಪೆನ್ನಿಗೆ ಕೈ ಚಾಚಿದೆ.

ಇವರು ನನ್ನ ಕೈಯನ್ನು ಮೆಲ್ಲ ಹಿಡಿದು ತಡೆದರು.

"ಸಾಯ್ಲಿಕ್ಕೆ ಹೆದ್ರಿಕೆ ಆಗ್ತದೆ ಅಂತ ಹೇಳುದು" ಎಂದರು. "ನನ್ನ ಮೇಲಿನ ಸಿಟ್ಟು ಇನ್ನೂ ಹೋಗ್ಲಿಲ್ಲ, ಹೋಗುದೂ ಇಲ್ಲ ಅಂತ ಹೇಳುದು. ಈ ಮನುಷ್ಯನನ್ನು ಒಬ್ಬನೇ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ ಅಂತ್ಲೂ ಹೇಳಿದ್ಳು."

ನಾನು ಹೇಳಿದ್ದು ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಡಾಕ್ಟರು, "ನೀವು? ನೀವೇನಾದರೂ ಹೇಳಬೇಕಾ?" ಎಂದು ಇವರನ್ನು ಕೇಳಿದರು.

"ನಾನು ಎಂತ ಹೇಳುದು ಡಾಕ್ಟ್ರೆ" ಎಂದರು ಇವರು. "ನಾನು ಅವಳು ಹೇಳಿದ್ದನ್ನು ಹೇಳುವವ."